ಪಾಯಕ್ಕೆ ಮೊದಲು ಮರ

ಕೊಳ್ಳೇಗಾಲದ ಸುತ್ತಮುತ್ತ ಮನೆಗಳ ನಕ್ಷೆ ಮಾಡುವ ನನಗೆ ಅತಿ ಹೆಚ್ಚು ಕೇಳಿಬರುವ ಮಾತು, "ಮುಂಬಾಗಿಲು ಮಾತ್ರ ತೇಗದ್ದೇ ಆಗ್ಬೇಕು ಸಾರ್." ಆಗ ನಾನು ಕೇಳುವುದು, ನಿಮ್ಮ ಹೊಲದ ಬದುವಿನಲ್ಲಿ ಏನೇನು ಮರ ಇದೆ ಎಂದು. ಈ ಪ್ರಶ್ನೆ ಕೇಳುವುದನ್ನು ಕಲಿಸಿದವರು ಇಲ್ಲಿನ ಹಳೆಯ ಆಚಾರಿಗಳು.

ನಮ್ಮ ಸುತ್ತ ಕಾಡಿದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ದಿಂಡಿಗ, ಮತ್ತಿ, ಹೊನ್ನೆ, ಬೀಟೆ ಅಲ್ಲೇ ಇರಬೇಕು. ದಾಖಲೆಯಿಲ್ಲದ ಹೊನ್ನೆ ಹಲಗೆ ಎಷ್ಟೇ ಅಗ್ಗಕ್ಕೆ ಬಂದರೂ ನನ್ನ ಕೆಲಸದ ಜಾಗಕ್ಕೆ ಇಳಿಸಲು ಬಿಡುವುದಿಲ್ಲ.

ಹನೂರಿನ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬೇವು ತಾನಾಗಿ ಬೆಳೆಯುತ್ತದೆ. ಮಾರಮ್ಮನ ಗುಡಿಯ ಬೇವನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಆದರೆ ಬದುವಿನಲ್ಲಿ ಬಲಿತ ಬೇವಿನ ಚೇಗು ಬಾಗಿಲಿಗೂ ಕಿಟಕಿ ಚೌಕಟ್ಟಿಗೂ ಒಳ್ಳೆಯದು, ಗೆದ್ದಲು ಅದರ ತಂಟೆಗೆ ಬರುವುದು ಕಡಿಮೆ. ಹೊರಗಿನ ಬಿಳಿ ಭಾಗವನ್ನು ಮಾತ್ರ ತೆಗೆದುಬಿಡಬೇಕು, ಹುಳು ಹಿಡಿಯುವುದು ಅಲ್ಲಿಂದಲೇ. ಬೇವು ಸೀಳುತ್ತದೆ, ತಿರುಚುತ್ತದೆ ಎಂದು ದೂರುವವರು ಬಹಳ. ಹಸಿ ಮರವನ್ನು ಸಾಮಿಲ್‌ನಿಂದ ನೇರ ಚೌಕಟ್ಟಿಗೆ ಹೊಡೆದರೆ ಯಾವ ಮರವಾದರೂ ತಿರುಚದೆ ಇರುತ್ತದೆಯೇ? ಕೊಯ್ದ ಹಲಗೆಗಳನ್ನು ನೆರಳಿನಲ್ಲಿ, ನಡುನಡುವೆ ಒಂದೇ ದಪ್ಪದ ಪಟ್ಟಿಯಿಟ್ಟು ಗಾಳಿಯಾಡುವಂತೆ ಅಟ್ಟಿ ಕಟ್ಟಬೇಕು. ಎರಡೂ ತುದಿಗೆ ಬಣ್ಣ ಬಳಿದು ಮೇಲೆ ಭಾರ ಹೇರಬೇಕು. ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿದ ಮೇಲೆ ಉಳಿ ಮುಟ್ಟಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ನಾನೀಗ ಪಾಯ ತೋಡುವ ಮೊದಲೇ ಮರ ಕೊಯ್ಯಿಸಿಬಿಡುತ್ತೇನೆ. ತಾರಸಿ ಬೀಳುವ ಹೊತ್ತಿಗೆ ಹಲಗೆ ಹದಕ್ಕೆ ಬಂದಿರುತ್ತದೆ. ಊರಿನ ಮರ ಕೆಟ್ಟದ್ದೆಂಬ ಹೆಸರು ಬಂದಿರುವುದು ಬಹುಪಾಲು ನಮ್ಮ ಅವಸರದಿಂದ.

ಯಳಂದೂರು ಕಡೆ ತೆಂಗಿದೆ. ಇಳುವರಿ ನಿಂತ ಮುದಿ ತೆಂಗಿನ ಬುಡದ ಹೊರಸುತ್ತು ಗಟ್ಟಿ, ಜಂತಿ-ತೊಲೆಗೆ ಸಾಕು. ನಡುವಿನದು ಮೆತ್ತಗೆ, ಅದನ್ನು ಭಾರಕ್ಕೆ ಕೊಡಬಾರದು. ಹಲಸು ಸಿಕ್ಕರೆ ಬಾಗಿಲ ಹಲಗೆಗೆ ಅದಕ್ಕಿಂತ ಚೆಂದದ್ದು ಬೇಕಿಲ್ಲ. ಈಗ ಎಲ್ಲರೂ ನೆಡುತ್ತಿರುವ ಹೆಬ್ಬೇವು ಬೇಗ ಬೆಳೆಯುತ್ತದೆ, ಆರೆಂಟು ವರ್ಷಕ್ಕೆ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಮನೆಯೊಳಗಿನ ಕಪಾಟಿಗೆ ಸರಿ, ಮಳೆಗೆ ಒಡ್ಡಿಕೊಳ್ಳುವ ಚೌಕಟ್ಟಿಗೆ ನಾನು ಬಳಸುವುದಿಲ್ಲ.

ಎಲ್ಲಕ್ಕಿಂತ ಉತ್ತಮ ಮರ ಇರುವುದು ಕೊಳ್ಳೇಗಾಲದ ಹಳೇ ಬೀದಿಗಳಲ್ಲಿ. ಹೆಂಚಿನ ಮನೆ ಕೆಡವುವಾಗ ತೊಲೆ, ಕಂಬ, ಬಾಗಿಲುಗಳನ್ನು ಸೌದೆ ಬೆಲೆಗೆ ಕೊಟ್ಟುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ತಲೆಮಾರುಗಳಿಂದ ಒಣಗಿ ನಿಂತ ಮರ ಅದು, ಇನ್ನು ಬಾಗುವುದಿಲ್ಲ. ಮೊಳೆಗಳನ್ನೆಲ್ಲ ಕಿತ್ತು, ಹುಳು ಬಿದ್ದ ತುದಿ ಕತ್ತರಿಸಿ, ಸಿಕ್ಕ ಉದ್ದಕ್ಕೆ ತಕ್ಕಂತೆ ಕಿಟಕಿಯ ಅಳತೆಯನ್ನೇ ಬದಲಿಸಿಕೊಂಡರೆ ಹೊಸದಾಗಿ ಒಂದು ಮರವನ್ನೂ ಕಡಿಯಬೇಕಿಲ್ಲ.

ಕಾಡಿನಿಂದ ತಂದಷ್ಟೂ ಕಾಡಿಗೆ ಒಳ್ಳೆಯದಾಗುವ ಗಿಡವೂ ಒಂದಿದೆ, ಕಾಡನ್ನು ಆವರಿಸುವ ಕಳೆಯಾದ ಲಂಟಾನ. ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ಹಿಂದೆ ನೆಲದ ತರಗೆಲೆಗೆ ಹಾಕುತ್ತಿದ್ದ 'ತರಗು ಬೆಂಕಿ' ನಿಂತ ಮೇಲೆ ಇದು ಹಬ್ಬಿತೆಂದು ಬೆಟ್ಟದ ಹಿರಿಯರು ಹೇಳುತ್ತಾರೆ. ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು 'ಏಟ್ರೀ' ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಇದರ ಕೋಲು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಸೋಫಾ ಹೆಣೆಯುವುದನ್ನು ಕಲಿತರು. ಜಗಲಿಯ ಆಸನಕ್ಕೆ ನಾನು ಮೊದಲು ಸೂಚಿಸುವುದು ಅದನ್ನೇ.

ಮನೆ ಕಟ್ಟಿಸುವ ಯೋಚನೆಯಿದ್ದರೆ ಈಗಲೇ ಬದುವಿನ ಮರಗಳನ್ನು ನೋಡಿಕೊಂಡು ಬನ್ನಿ. ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಪರವಾನಗಿ ಬೇಕಾದರೆ ಪಡೆಯಿರಿ. ಕಡಿದ ಜಾಗದಲ್ಲಿ ಅದೇ ಮುಂಗಾರಿಗೆ ಸಸಿ ನೆಡಿ.