ಬಿಡುಗಡೆಯಾಗದ ಹಾಡು ಯಾರದು? ಬೂಟ್‌ಲೆಗ್ ಧ್ವನಿಮುದ್ರಣಗಳ ಕಥೆಯಿಂದ ಒಂದು ಪಾಠ



ಒಂದು ಹಾಡು ರೆಕಾರ್ಡ್ ಆದ ಮಾತ್ರಕ್ಕೆ ಅದು ಕೇಳುಗರ ಕೈಗೆ ಬರುತ್ತದೆ ಎಂದೇನೂ ಇಲ್ಲ. ಸ್ಟುಡಿಯೊದಲ್ಲಿ ತಂಡವೊಂದು ಒಂದೇ ಹಾಡನ್ನು ಹತ್ತು ಸಲ ನುಡಿಸಿದರೆ ಒಂದು ಡಿಸ್ಕ್‌ಗೆ ಹೋಗುತ್ತದೆ, ಉಳಿದ ಒಂಬತ್ತು ಕಪಾಟು ಸೇರುತ್ತವೆ. ಕೆಲವೊಮ್ಮೆ ಇಡೀ ಆಲ್ಬಮ್ಮೇ ಕಪಾಟಿನಲ್ಲಿ ಉಳಿದುಬಿಡುತ್ತದೆ. ಹೀಗೆ ಉಳಿದದ್ದು ಹೇಗೋ ಹೊರಬಿದ್ದು, ಕೈಯಿಂದ ಕೈಗೆ ದಾಟಿ, ಸಂಗ್ರಾಹಕರ ಮನೆ ಸೇರಿದರೆ ಅದು ಯಾರದು? ಹಾಡಿದವರದೋ, ಹಣ ಹಾಕಿದ ಕಂಪನಿಯದೋ, ಕಾಪಾಡಿದವರದೋ? ಅಮೆರಿಕದ ರಾಕ್ ಸಂಗೀತದ ಮೂರು ಉದಾಹರಣೆಗಳ ಮೂಲಕ ಈ ಪ್ರಶ್ನೆಯನ್ನು ನೋಡೋಣ. ಕೊನೆಗೆ ಇದು ನಮ್ಮ ತರಗತಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಪದದ ಅರ್ಥ

ಬೂಟ್‌ಲೆಗ್ ಎಂಬುದು ಮೊದಲು ಸಂಗೀತದ ಪದವಲ್ಲ. ಎತ್ತರದ ಬೂಟಿನ ಕಾಲಿನೊಳಗೆ ಬಾಟಲಿ ಅಡಗಿಸಿ ಕದ್ದು ಸಾಗಿಸುತ್ತಿದ್ದವರಿಂದ ಈ ಹೆಸರು ಬಂತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಕಳ್ಳಭಟ್ಟಿಯ ವ್ಯಾಪಾರಕ್ಕೆ ಇದೇ ಮಾತು ಬಳಕೆಯಲ್ಲಿತ್ತು. ಮುಂದೆ ಅನುಮತಿಯಿಲ್ಲದ ಧ್ವನಿಮುದ್ರಣಕ್ಕೂ ಅಂಟಿಕೊಂಡಿತು.

ಇಲ್ಲಿ ಮೂರು ಪದಗಳ ವ್ಯತ್ಯಾಸ ತಿಳಿದಿರಬೇಕು.

ಪೈರಸಿ: ಅಂಗಡಿಯಲ್ಲಿ ಸಿಗುವ ಆಲ್ಬಮ್ಮನ್ನೇ ನಕಲು ಮಾಡಿ ಅಗ್ಗಕ್ಕೆ ಮಾರುವುದು.

ಖೋಟಾ: ನಕಲಿನ ಜೊತೆಗೆ ಹೊದಿಕೆ, ಲೇಬಲ್, ಹೆಸರು ಎಲ್ಲವನ್ನೂ ಅಸಲಿಯಂತೆ ಮಾಡಿ ಗ್ರಾಹಕನನ್ನು ನಂಬಿಸುವುದು.

ಬೂಟ್‌ಲೆಗ್: ಅಂಗಡಿಯಲ್ಲಿ ಸಿಗದೇ ಇರುವುದನ್ನು ಹೊರತರುವುದು. ಕಛೇರಿಯಲ್ಲಿ ಗುಟ್ಟಾಗಿ ಮಾಡಿದ ರೆಕಾರ್ಡಿಂಗ್, ಸ್ಟುಡಿಯೊದಿಂದ ಸೋರಿದ ಟೇಪು ಈ ಗುಂಪಿಗೆ ಸೇರುತ್ತವೆ.

ಮೊದಲ ಎರಡರಲ್ಲಿ ಗ್ರಾಹಕನಿಗೆ ಅಸಲಿ ಸಿಗುತ್ತದೆ, ಅವನು ಅಗ್ಗದ್ದನ್ನು ಕೊಳ್ಳುತ್ತಾನೆ ಅಥವಾ ಮೋಸಹೋಗುತ್ತಾನೆ. ಮೂರನೆಯದರಲ್ಲಿ ಕೊಳ್ಳಲು ಅಸಲಿಯೇ ಇಲ್ಲ. ವಾದ ಹುಟ್ಟುವುದೇ ಇಲ್ಲಿಂದ.

ಉದಾಹರಣೆ ಒಂದು: ಬಿಳಿ ಹೊದಿಕೆಯ ಡಿಸ್ಕ್

1966ರ ಜುಲೈನಲ್ಲಿ ಗಾಯಕ ಬಾಬ್ ಡಿಲನ್ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಕ್ಕಿ ವೇದಿಕೆಯಿಂದ ದೂರ ಸರಿದರು. 1967ರಲ್ಲಿ, ಮುಂದೆ ದಿ ಬ್ಯಾಂಡ್ ಎಂದು ಹೆಸರಾದ ಗೆಳೆಯರ ಜೊತೆ, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಮನೆಯೊಂದರ ನೆಲಮಾಳಿಗೆಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳನ್ನು ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಯಂತ್ರ ನೋಡಿಕೊಳ್ಳುತ್ತಿದ್ದವರು ತಂಡದ ಆರ್ಗನ್ ವಾದಕ ಗಾರ್ತ್ ಹಡ್ಸನ್. ಆಲ್ಬಮ್ ಮಾಡುವ ಉದ್ದೇಶ ಅವರಿಗಿರಲಿಲ್ಲ. ಅದರಲ್ಲಿ ಕೆಲವು ಹಾಡುಗಳನ್ನು ಮಾತ್ರ, ಬೇರೆ ಗಾಯಕರು ಹಾಡಲಿ ಎಂದು, ಮಾದರಿಯಾಗಿ ಕಳಿಸಲಾಯಿತು. ಆ ಮಾದರಿಗಳಿಗೂ ಪ್ರತಿಗಳಾದವು.

1969ರಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಗಳಲ್ಲಿ ಬರೀ ಬಿಳಿ ಹೊದಿಕೆಯ ಜೋಡಿ ಡಿಸ್ಕ್ ಕಾಣಿಸಿಕೊಂಡಿತು. ನೆಲಮಾಳಿಗೆಯ ಕೆಲವು ಹಾಡುಗಳು, 1961ರ ಒಂದು ಹಳೆಯ ಟೇಪಿನ ಹಾಡುಗಳು ಅದರಲ್ಲಿದ್ದವು. ಜನ ಅದನ್ನು 'ಗ್ರೇಟ್ ವೈಟ್ ವಂಡರ್' ಎಂದು ಕರೆದರು. ರಾಕ್ ಸಂಗೀತದ ಮೊದಲ ಹೆಸರಾಂತ ಬೂಟ್‌ಲೆಗ್ ಇದೇ. ಹಾಡು ಬರೆದವರನ್ನಾಗಲಿ ನುಡಿಸಿದವರನ್ನಾಗಲಿ ಯಾರೂ ಕೇಳಿರಲಿಲ್ಲ.

ಡಿಲನ್ ಅವರ ಕಂಪನಿ 1975ರಲ್ಲಿ ಇಪ್ಪತ್ತನಾಲ್ಕು ಹಾಡುಗಳ 'ದಿ ಬೇಸ್‌ಮೆಂಟ್ ಟೇಪ್ಸ್' ಹೊರತಂದಿತು. ಅದರಲ್ಲಿ ಎಂಟು ದಿ ಬ್ಯಾಂಡ್‌ನವರವು, ಕೆಲವಕ್ಕೆ ಆಮೇಲೆ ವಾದ್ಯಗಳನ್ನೂ ಸೇರಿಸಲಾಗಿತ್ತು. ಪೂರ್ತಿ ಸಂಗ್ರಹ ಆರು ಸಿ.ಡಿ.ಗಳಲ್ಲಿ ಬಂದದ್ದು 2014ರಲ್ಲಿ. ಆ ಮಾಲಿಕೆಗೆ ಕಂಪನಿಯೇ 1991ರಲ್ಲಿ ಇಟ್ಟಿದ್ದ ಹೆಸರು 'ದಿ ಬೂಟ್‌ಲೆಗ್ ಸೀರೀಸ್'. ಕಳ್ಳಮಾಲಿನ ಹೆಸರೇ ಅಧಿಕೃತ ಮಾಲಿನ ಗುರುತಾಯಿತು.

ಉದಾಹರಣೆ ಎರಡು: ಮುಗಿಯದ 'ಸ್ಮೈಲ್'

ದಿ ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ 1966ರಲ್ಲಿ 'ಸ್ಮೈಲ್' ಎಂಬ ಆಲ್ಬಮ್ ಶುರು ಮಾಡಿದರು. ಹಾಡನ್ನು ಮೊದಲಿಂದ ಕೊನೆವರೆಗೆ ಒಂದೇ ಉಸಿರಿನಲ್ಲಿ ನುಡಿಸದೆ ತುಂಡುತುಂಡಾಗಿ ರೆಕಾರ್ಡ್ ಮಾಡಿ ಆಮೇಲೆ ಜೋಡಿಸುವುದು ಅವರ ಕ್ರಮ. ಹೊದಿಕೆಗಳೂ ಅಚ್ಚಾಗಿದ್ದವು. ಆದರೆ 1967ರಲ್ಲಿ ಕೆಲಸ ನಿಂತಿತು. ತುಂಡುಗಳು ಉಳಿದವು, ಅವನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದು ಉಳಿಯಲಿಲ್ಲ.

ಸೋರಿದ ತುಂಡುಗಳು ಅಭಿಮಾನಿಗಳ ಕೈ ಸೇರಿದಾಗ ಅವರು ಕೇಳಿ ಸುಮ್ಮನಾಗಲಿಲ್ಲ, ಪ್ರತಿಯೊಬ್ಬರೂ ತಮ್ಮದೇ 'ಸ್ಮೈಲ್' ಜೋಡಿಸತೊಡಗಿದರು. 2004ರಲ್ಲಿ ವಿಲ್ಸನ್ ಇಡೀ ಕೃತಿಯನ್ನು ಹೊಸದಾಗಿ ಹಾಡಿ ಮುಗಿಸಿದರು. 2011ರಲ್ಲಿ ಮೂಲ ಟೇಪುಗಳು 'ದಿ ಸ್ಮೈಲ್ ಸೆಷನ್ಸ್' ಎಂದು ಬಿಡುಗಡೆಯಾದವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೃತಿಯ ನೆನಪನ್ನು ಹಸಿಯಾಗಿ ಇಟ್ಟವರಲ್ಲಿ ಅನುಮತಿ ಇಲ್ಲದೆ ಕೇಳಿದವರೂ ಇದ್ದರು. ಆದರೆ ಅದೇ ಮೂವತ್ತು ವರ್ಷ, ಕಲಾವಿದನೇ ಬೇಡವೆಂದು ಬದಿಗಿಟ್ಟ ಅರೆಬೆಂದ ಕೆಲಸವನ್ನು ಲೋಕವೆಲ್ಲ ಕೇಳುತ್ತಿತ್ತು. ಎರಡೂ ನಿಜ.

ಉದಾಹರಣೆ ಮೂರು: ಮಾರಬೇಡಿ, ಹಂಚಿಕೊಳ್ಳಿ

ಗ್ರೇಟ್‌ಫುಲ್ ಡೆಡ್ ತಂಡ ಬೇರೆ ದಾರಿ ಹಿಡಿಯಿತು. ತಮ್ಮ ಕಾರ್ಯಕ್ರಮಗಳನ್ನು ಅಭಿಮಾನಿಗಳು ರೆಕಾರ್ಡ್ ಮಾಡುವುದನ್ನು ಅವರು ತಡೆಯಲಿಲ್ಲ. 1984ರಲ್ಲಿ ಟೇಪ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟರು. ಒಂದೇ ಷರತ್ತು: ವಿನಿಮಯ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕೊಡಲು ಟೇಪು ಇಲ್ಲದ ಹೊಸಬನು ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ವೆಚ್ಚ ಕಳಿಸಿದರೆ ಸಾಕು, ಹಳಬರು ತುಂಬಿಸಿ ಕಳಿಸುತ್ತಿದ್ದರು.

ತಂಡದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ 1970ರ ದಶಕದಲ್ಲಿ ಅನೇಕ ಕಾರ್ಯಕ್ರಮಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿದ್ದರು. 1980ರ ದಶಕದಲ್ಲಿ ಬಾಡಿಗೆ ಕಟ್ಟಲಾಗದೆ ಅವರ ಗೋದಾಮಿನ ಸಾಮಾನು ಹರಾಜಾಯಿತು. ಟೇಪುಗಳು ಅಪರಿಚಿತರ ಪಾಲಾದವು, ಅವುಗಳ ಪ್ರತಿಗಳು ಸಂಗ್ರಾಹಕರ ವಲಯದಲ್ಲಿ ಹರಡಿದವು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಾರ್ಯಕ್ರಮದ ಟೇಪು ಹೀಗೆಯೇ ಹೆಸರಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿಕೊಂಡಾಗ ಅದಿನ್ನೂ ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ. ಬಿಡುಗಡೆಯಾದದ್ದು 2017ರಲ್ಲಿ, ನಲವತ್ತು ವರ್ಷಗಳ ಮೇಲೆ.

ಪ್ರತಿಯ ಪ್ರತಿ

ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿದ ನೋಟ್ಸ್ ಹೇಗೆ ಮಸುಕಾಗುತ್ತದೆ ಎಂಬುದು ನಿಮಗೆ ಗೊತ್ತು. ಟೇಪಿನಲ್ಲೂ ಹಾಗೆಯೇ. ಪ್ರತಿ ಸಲ ನಕಲು ಮಾಡಿದಾಗ ಹೊಸ ಟೇಪಿನ 'ಸ್ಸ್' ಎಂಬ ಸದ್ದು ಹಳೆಯದರ ಮೇಲೆ ಸೇರುತ್ತದೆ, ತೆಳುವಾದ ಸ್ವರಗಳು ಮುಳುಗುತ್ತವೆ. ಯಂತ್ರದ ವೇಗ ಸ್ವಲ್ಪ ಹೆಚ್ಚಾಗಿದ್ದರೆ ಗಾಯಕನ ಶ್ರುತಿಯೇ ಏರುತ್ತದೆ. ಆದ್ದರಿಂದ ಸಂಗ್ರಾಹಕರು ಟೇಪಿಗೆ ತಲೆಮಾರು ಲೆಕ್ಕ ಹಾಕುತ್ತಾರೆ. ಮೂಲವೇ ಮಾಸ್ಟರ್, ಅದರ ನೇರ ಪ್ರತಿ ಮೊದಲ ತಲೆಮಾರು, ಅದರ ಪ್ರತಿ ಎರಡನೆಯದು. ದಿನಾಂಕ, ಊರು, ಮೈಕ್ ಎಲ್ಲಿತ್ತು, ಯಾವ ಯಂತ್ರ, ಯಾರಿಂದ ಬಂತು ಎಂದೆಲ್ಲ ಬರೆದಿಡುತ್ತಾರೆ. ಒಂದೇ ಕಾರ್ಯಕ್ರಮದ ಎರಡು ಪ್ರತಿ ಸಿಕ್ಕರೆ ಹೋಲಿಸಿ ಮೂಲಕ್ಕೆ ಹತ್ತಿರದ್ದನ್ನು ಆರಿಸುತ್ತಾರೆ. ಹಳಗನ್ನಡದ ತಾಳೆಗರಿ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡುವ ವಿದ್ವಾಂಸರ ಕೆಲಸಕ್ಕೂ ಇದಕ್ಕೂ ನಂಟಿದೆ. ಇತಿಹಾಸದ ವಿದ್ಯಾರ್ಥಿ ಇದನ್ನು ಗಮನಿಸಬೇಕು: ಮೂಲ ಯಾವುದು ಎಂದು ತಿಳಿಯದ ಆಧಾರ ಅರ್ಧ ಆಧಾರ.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಧ್ವನಿಮುದ್ರಣಗಳಿಗೆ ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ರಕ್ಷಣೆ ಸಿಕ್ಕಿದ್ದು 1972ರ ಫೆಬ್ರವರಿ 15ರಿಂದ. 'ಗ್ರೇಟ್ ವೈಟ್ ವಂಡರ್' ಅಂಥ ಸಂದಿಯಲ್ಲೇ ಹೊರಬಂದದ್ದು. ಯುರೋಪಿನಲ್ಲಿ 2011ರ ನಿಯಮ ಧ್ವನಿಮುದ್ರಣದ ರಕ್ಷಣೆಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಆದರೆ 50 ವರ್ಷದೊಳಗೆ ಬಿಡುಗಡೆ ಮಾಡದ ಮುದ್ರಣಕ್ಕೆ ಆ ಲಾಭ ಇಲ್ಲ. ಹೀಗಾಗಿ 2013ರ ಕೊನೆಯಲ್ಲಿ ಬೀಟಲ್ಸ್ ತಂಡದ 1963ರ 59 ಮುದ್ರಣಗಳು ಒಮ್ಮೆಲೇ ಹೊರಬಂದವು. ಕಪಾಟಿನ ಬೀಗ ತೆರೆದದ್ದು ಅಭಿಮಾನಿಗಳ ಕೂಗಲ್ಲ, ಕ್ಯಾಲೆಂಡರು.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇದೆ. 1994ರ ತಿದ್ದುಪಡಿ ಪ್ರದರ್ಶಕರಿಗೂ ಹಕ್ಕು ಕೊಟ್ಟಿತು; ಇಂದು ಅದರ ಅವಧಿ 50 ವರ್ಷ. ಪ್ರದರ್ಶಕ ಎಂದರೆ ಯಾರು? ಕಾಯಿದೆ ಗಾಯಕ, ನಟ, ನರ್ತಕರ ಜೊತೆಗೆ ಜಾದೂಗಾರ, ಹಾವಾಡಿಗರನ್ನೂ ಹೆಸರಿಸುತ್ತದೆ. ಅದೇ ಸಾಲಿನಲ್ಲಿ ಉಪನ್ಯಾಸ ನೀಡುವ ವ್ಯಕ್ತಿಯೂ ಇದ್ದಾರೆ!

ನಮಗೇನು ಸಂಬಂಧ?

ಇಲ್ಲೇ ಸಂಬಂಧ. ಪರೀಕ್ಷೆ ಹತ್ತಿರ ಬಂದಾಗ ಉಪನ್ಯಾಸಕರ ತರಗತಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಈಗ ಮಾಮೂಲು. ಸ್ವಂತ ಬಳಕೆಗೆ, ಪ್ರಾಮಾಣಿಕ ಬೋಧನೆ ಅಥವಾ ಸಂಶೋಧನೆಗೆ ಮಾತ್ರ ಮಾಡಿಕೊಂಡ ಮುದ್ರಣಕ್ಕೆ ಕಾಯಿದೆ ವಿನಾಯಿತಿ ಕೊಡುತ್ತದೆ. ಅದನ್ನೇ ಹಣಕ್ಕೆ ಮಾರಿದರೆ, ಊರಿಗೆಲ್ಲ ಹಂಚಿದರೆ ಮಾತು ಬೇರೆ. ಮಾತಿನ ಮಧ್ಯೆ ಆಡಿದ ಒಂದು ತಮಾಷೆ, ಬಾಯಿತಪ್ಪಿ ಬಂದ ಒಂದು ಇಸವಿ, ಇವೂ ಉಪನ್ಯಾಸಕರ ಕಪಾಟಿನ ಸಾಮಾನೇ. ಹೊರಗೆ ಹೋಗಬೇಕೇ ಬೇಡವೇ ಎಂದು ಹೇಳುವ ಹಕ್ಕು ಅವರದು.

ಹಾಗೆಂದು ಸಂಗ್ರಾಹಕರನ್ನೆಲ್ಲ ಕಳ್ಳರೆಂದು ತಳ್ಳಿಹಾಕುವುದೂ ಸರಿಯಲ್ಲ. ಹರಾಜಿನ ಗೋದಾಮಿನಿಂದ ಕಾರ್ನೆಲ್ ಟೇಪು ಉಳಿದು ಬಂದದ್ದು ಆಸಕ್ತರ ಕೈಯಿಂದಲೇ. ಕಾಪಾಡುವುದು ಒಂದು, ಹಂಚುವುದು ಇನ್ನೊಂದು, ಮಾರುವುದು ಮತ್ತೊಂದು. ಈ ಮೂರನ್ನು ಬೇರೆಬೇರೆಯಾಗಿ ತೂಗಿ ನೋಡಿದರೆ ಬಹಳಷ್ಟು ಗೊಂದಲ ತಾನಾಗಿ ತಿಳಿಯಾಗುತ್ತದೆ. ಗ್ರೇಟ್‌ಫುಲ್ ಡೆಡ್ ತಂಡದ ಷರತ್ತು ಮಾಡಿದ್ದೂ ಇದನ್ನೇ: ಮೊದಲ ಎರಡಕ್ಕೆ ಒಪ್ಪಿಗೆ, ಮೂರನೆಯದಕ್ಕೆ ಇಲ್ಲ. ಮೊದಲೇ ಕೇಳಿ, ಮೊದಲೇ ಹೇಳಿದಲ್ಲಿ ಜಗಳಕ್ಕೆ ಜಾಗ ಕಡಿಮೆ.

ಯೋಚಿಸಿ, ಚರ್ಚಿಸಿ

1. ಪೈರಸಿಗೂ ಬೂಟ್‌ಲೆಗ್‌ಗೂ ಇರುವ ಮುಖ್ಯ ವ್ಯತ್ಯಾಸವೇನು? ಒಂದೊಂದು ಉದಾಹರಣೆ ಕೊಡಿ.

2. ಕಲಾವಿದ ಬೇಡವೆಂದು ಬದಿಗಿಟ್ಟ ಕೃತಿಯನ್ನು ಆತನ ಕಾಲಾನಂತರ ಪ್ರಕಟಿಸಬಹುದೇ? ಪರ ಮತ್ತು ವಿರೋಧವಾಗಿ ಎರಡೆರಡು ಕಾರಣ ಬರೆಯಿರಿ.

3. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ದನಿ ಇರುವ ಹಳೆಯ ಕ್ಯಾಸೆಟ್ಟು ಇದೆಯೇ? ಇದ್ದರೆ ದಿನಾಂಕ, ಊರು, ಯಾರ ದನಿ ಎಂಬುದನ್ನು ಹಿರಿಯರನ್ನು ಕೇಳಿ ಅದರ ಮೇಲೆ ಇಂದೇ ಬರೆದಿಡಿ. ಹೇಳಬಲ್ಲವರು ಇರುವಾಗಲೇ ಆಗಬೇಕಾದ ಕೆಲಸ ಇದು.