ಅಳಿಸಿದ ಡಿಸ್ಕಿಗೆ ಮರಳಿ ಜೀವ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಯಂತ್ರದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಮಿತ್ರರು ನಗಬಹುದು. ಈ ವಿದ್ಯೆಯಲ್ಲಿ ನಾನು ಪಂಡಿತನಲ್ಲ. ಆದರೆ ಕೈ ಸುಟ್ಟುಕೊಂಡವನಿಗೆ ಬೆಂಕಿಯ ಗುಣ ತಿಳಿದಿರುತ್ತದೆಯಷ್ಟೆ. ನಮ್ಮಲ್ಲಿ ಅನೇಕರ ಬಳಿ ಅಣ್ಣನದೋ ಅಕ್ಕನದೋ ಹಳೆಯ ಲ್ಯಾಪ್‌ಟಾಪ್ ಇದೆ. ಅವರಿಗೆ ನನ್ನ ಅನುಭವವು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ನನ್ನ ಅಣ್ಣನು ೨೦೧೨ರಲ್ಲಿ ಕೊಂಡ ಲ್ಯಾಪ್‌ಟಾಪು ನಾನು ಕಾಲೇಜು ಸೇರಿದ ಮೇಲೆ ನನ್ನ ಪಾಲಿಗೆ ಬಂದಿತು. ೩೨೦ ಗಿಗಾಬೈಟಿನ ಡಿಸ್ಕು, ೨ ಗಿಗಾಬೈಟಿನ ರ‍್ಯಾಮ್, ಅದರೊಳಗೆ ವಿಂಡೋಸ್ ೭. ಗುಂಡಿಯನ್ನೊತ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. ೨೦೨೫ರ ದೀಪಾವಳಿಯ ರಜೆಯಲ್ಲಿ ಅದನ್ನು ಶುದ್ಧಿ ಮಾಡೋಣವೆಂದು ಹೊರಟೆನು. ಅಣ್ಣನ ಬ್ಯಾಂಕಿನ ಕಾಗದಪತ್ರ ಯಾವುದೂ ಉಳಿಯಬಾರದೆಂದು, ಡಿಸ್ಕನ್ನು ಸಂಪೂರ್ಣವಾಗಿ ಅಳಿಸುವ ತಂತ್ರಾಂಶವನ್ನು ಗೆಳೆಯನಿಂದ ತಂದು ಓಡಿಸಿದೆನು. ಸುಮಾರು ಒಂದೂಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಮತ್ತೆ ಗುಂಡಿಯೊತ್ತಲು ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದೇ ಸಾಲು ಮೂಡಿತು.

ಆಗಲೇ ನನ್ನ ಎದೆ ಧಸಕ್ಕೆಂದದ್ದು. ಜಾನಪದದ ಕಿರುಪ್ರಬಂಧಕ್ಕಾಗಿ ನನ್ನ ಅಜ್ಜಿಯಿಂದ ಹನ್ನೊಂದು ಬೀಸುವ ಪದಗಳನ್ನು ಬೇಸಿಗೆಯಲ್ಲಿ ಮುದ್ರಿಸಿಕೊಂಡಿದ್ದೆನು. ಮೊಬೈಲಿನಲ್ಲಿ ಜಾಗ ಸಾಲದೆಂದು ಅವನ್ನು ಲ್ಯಾಪ್‌ಟಾಪಿಗೆ ಸಾಗಿಸಿ ಮೊಬೈಲಿನಿಂದ ತೆಗೆದುಹಾಕಿದ್ದೆನು. ಅಣ್ಣನ ಕಾಗದಗಳ ಚಿಂತೆಯಲ್ಲಿ ಅಜ್ಜಿಯ ಹಾಡುಗಳ ನೆನಪೇ ಬರಲಿಲ್ಲ.

ಇಲ್ಲಿ ಮೊದಲನೆಯ ಪಾಠ. ಕಡತವನ್ನು ತೆಗೆದುಹಾಕುವುದು ಬೇರೆ, ಡಿಸ್ಕನ್ನು ಅಳಿಸುವುದು ಬೇರೆ. ನಮ್ಮ ಗ್ರಂಥಾಲಯವನ್ನೇ ನೋಡಿರಿ. ಸೂಚಿಯಿಂದ ಒಂದು ಪುಸ್ತಕದ ಹೆಸರನ್ನು ಹೊಡೆದುಹಾಕಿದರೆ ಪುಸ್ತಕವು ಕಪಾಟಿನಲ್ಲೇ ಇರುತ್ತದೆ, ಹುಡುಕುವವನಿಗೆ ಸಿಕ್ಕಲೂಬಹುದು. ಇಂಥ ಹಳೆಯ ಕಾಂತೀಯ ಡಿಸ್ಕಿನಲ್ಲಿ ಸಾಮಾನ್ಯವಾದ ‘ಡಿಲೀಟ್’ ಮತ್ತು ‘ಕ್ವಿಕ್ ಫಾರ್ಮ್ಯಾಟ್’ ಹೀಗೆಯೇ. ಜಾಗವನ್ನು ಬೇರೊಂದು ಕಡತವು ಆಕ್ರಮಿಸುವವರೆಗೆ ಹಳೆಯದನ್ನು ಮರಳಿ ಪಡೆಯುವ ಆಸೆಯುಂಟು. ಆದರೆ ನಾನು ಓಡಿಸಿದ ತಂತ್ರಾಂಶವು ಆದಿಯಿಂದ ಅಂತ್ಯದವರೆಗೆ ಸೊನ್ನೆಗಳನ್ನು ಬರೆದಿತ್ತು. ಪ್ರತಿ ಪುಸ್ತಕದ ಪ್ರತಿ ಪುಟಕ್ಕೂ ಸುಣ್ಣ ಬಳಿದಂತಾಯಿತು. ಇದಕ್ಕೆ ಪರಿಹಾರವಿಲ್ಲ.

ಎರಡನೆಯ ಪಾಠವು ಸಮಾಧಾನದ್ದು. ಡಿಸ್ಕು ಬರಿದಾದ ಮಾತ್ರಕ್ಕೆ ಯಂತ್ರವು ಸಾಯುವುದಿಲ್ಲ. ಮೊದಲು ಎಚ್ಚರಗೊಳ್ಳುವ ಬಯಾಸ್ ಎಂಬ ಪುಟ್ಟ ತಂತ್ರಾಂಶವು ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ನನ್ನದರಂಥ ಹಳೆಯ ಯಂತ್ರದಲ್ಲಿ ಅದು ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಓದಿ, ಅಲ್ಲಿರುವ ಬೂಟ್‌ಲೋಡರಿಗೆ ಅಧಿಕಾರವನ್ನೊಪ್ಪಿಸುತ್ತದೆ. ಬೂಟ್‌ಲೋಡರು ಆಪರೇಟಿಂಗ್ ಸಿಸ್ಟಂ ಅನ್ನು, ಅಂದರೆ ಕಾರ್ಯಾಚರಣ ವ್ಯವಸ್ಥೆಯನ್ನು, ಎಬ್ಬಿಸುತ್ತದೆ. ನನ್ನ ಡಿಸ್ಕಿನ ಆ ಸ್ಥಳದಲ್ಲಿ ಸೊನ್ನೆಗಳಲ್ಲದೆ ಬೇರೇನೂ ಇರಲಿಲ್ಲ. ಬಾಗಿಲು ಕಾಯುವವನು ಇದ್ದಾನೆ, ಮನೆ ಮಾತ್ರ ಖಾಲಿ. ಕಂಪೆನಿಯವರು ಡಿಸ್ಕಿನ ಒಂದು ಭಾಗದಲ್ಲಿ ಇರಿಸಿದ್ದ ಪುನಃಸ್ಥಾಪನೆಯ ಪ್ರತಿಯೂ ಉಳಿದವುಗಳ ಜೊತೆ ಅಳಿದುಹೋಗಿತ್ತು.

ಹಾಗಾದರೆ ಯಾವ ವ್ಯವಸ್ಥೆಯನ್ನು ಹಾಕುವುದು? ವಿಂಡೋಸ್ ೭ಕ್ಕೆ ತಯಾರಕರ ಬೆಂಬಲವು ೨೦೨೦ರ ಜನವರಿ ೧೪ರಂದು, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿತ್ತು. ವಿಂಡೋಸ್ ೧೧ಕ್ಕೆ ಕನಿಷ್ಠ ೪ ಗಿಗಾಬೈಟ್ ರ‍್ಯಾಮ್ ಬೇಕು. ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ಆದಕಾರಣ ನಾನು ಲಿನಕ್ಸಿನ ಆಧಾರದ ಮೇಲೆ ನಿಂತಿರುವ ಡೆಬಿಯನ್ ಅನ್ನು ಆರಿಸಿಕೊಂಡೆನು. ೧೯೯೧ರಲ್ಲಿ ಲಿನಕ್ಸನ್ನು ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ೧೯೯೩ರಲ್ಲಿ ಡೆಬಿಯನ್ನನ್ನು ಆರಂಭಿಸಿದ ಇಯಾನ್ ಮರ್ಡಾಕ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ವಿದ್ಯಾರ್ಥಿಗಳಾದ ನಮಗೆ ಇದು ಹೆಮ್ಮೆಯ ವಿಷಯವಲ್ಲವೆ? ೨೦೨೫ರ ಆಗಸ್ಟ್ ೯ರಂದು ಹೊರಬಂದ ಡೆಬಿಯನ್ ೧೩ನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಅದರ ಸ್ಥಾಪನೆಗೆ ೬೪ ಬಿಟ್ಟಿನ ಪ್ರೊಸೆಸರ್ ಬೇಕೆಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಇನ್ನು ಕ್ರಮವನ್ನು ಹೇಳುತ್ತೇನೆ. ಗೆಳೆಯನ ಕಂಪ್ಯೂಟರಿನಲ್ಲಿ ಸ್ಥಾಪನೆಯ ಕಡತವನ್ನು ಇಳಿಸಿಕೊಂಡೆನು. ಅದರ ಜೊತೆಗೆ ೬೪ ಅಕ್ಷರಗಳ ಒಂದು ಪರಿಶೀಲನಾ ಮೊತ್ತವನ್ನೂ ಕೊಟ್ಟಿರುತ್ತಾರೆ. ನಮ್ಮ ಕಡತದಿಂದ ಲೆಕ್ಕ ಹಾಕಿದ ಮೊತ್ತವು ಅದಕ್ಕೆ ಅಕ್ಷರಶಃ ಹೊಂದಿದರೆ ಇಳಿಸಿದ್ದು ಸರಿ. ಬಳಿಕ ಅದನ್ನು ಪೆನ್‌ಡ್ರೈವಿಗೆ ಬರೆಯಬೇಕು. ಹಾಡನ್ನು ನಕಲು ಮಾಡಿದಂತೆ ಮಾಡಿದರೆ ಸಾಲದು. ಡಿಸ್ಕಿನ ಪ್ರತಿರೂಪವನ್ನು ಬರೆಯುವ ತಂತ್ರಾಂಶದಿಂದಲೇ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಹೋಗುತ್ತದೆ. ಅದರೊಳಗೆ ಏನಿದೆಯೆಂದು ಈ ಸಲ ನಾನು ಮೂರು ಬಾರಿ ನೋಡಿದೆನೆಂದು ಬೇರೆ ಹೇಳಬೇಕಾಗಿಲ್ಲ.

ಪೆನ್‌ಡ್ರೈವನ್ನು ಸಿಕ್ಕಿಸಿ, ಯಂತ್ರವು ಹೊತ್ತಿಕೊಂಡ ಕೂಡಲೆ ಎಫ್ ೧೨, ಎಫ್ ೯ ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ, ಯಾವುದರಿಂದ ಆರಂಭಿಸಬೇಕೆಂಬ ಪಟ್ಟಿ ಬರುತ್ತದೆ. ಕೀಲಿಯು ಕಂಪೆನಿಯಿಂದ ಕಂಪೆನಿಗೆ ಬೇರೆ. ಚಿತ್ರಸಹಿತ ಸ್ಥಾಪನೆಯನ್ನು ಆರಿಸಿದಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ! ಯಾರೋ ಕನ್ನಡಿಗರು ಈ ವಾಕ್ಯಗಳನ್ನೆಲ್ಲ ಕುಳಿತು ಅನುವಾದಿಸಿದ್ದಾರೆಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. ವೈಫೈ ಹಿಡಿಯದಿದ್ದರೆ ಕೇಬಲನ್ನು ಸಿಕ್ಕಿಸಬೇಕು. ನಾನು ಹಾಗೆಯೇ ಮಾಡಿದೆನು. ಡಿಸ್ಕನ್ನು ವಿಭಾಗಿಸುವ ಹಂತದಲ್ಲಿ ಡಿಸ್ಕೂ ಪೆನ್‌ಡ್ರೈವೂ ಒಟ್ಟಿಗೆ ಕಾಣಿಸುತ್ತವೆ. ಹೆಸರನ್ನು ನಂಬದೆ ಗಾತ್ರವನ್ನು ನೋಡಿ ಗುರುತಿಸಬೇಕು: ೩೨೦ ಗಿಗಾಬೈಟಿನದು ಡಿಸ್ಕು. ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದ ಡೆಸ್ಕ್‌ಟಾಪ್ ಒಳ್ಳೆಯದು.

ಕೊನೆಯಲ್ಲಿ ಗ್ರಬ್ ಎಂಬ ಬೂಟ್‌ಲೋಡರನ್ನು ಎಲ್ಲಿ ಹಾಕಬೇಕೆಂದು ಕೇಳುತ್ತದೆ. ಇಲ್ಲಿ ನಾನು ಅವಸರದಿಂದ ಪೆನ್‌ಡ್ರೈವನ್ನೇ ಆರಿಸಿಬಿಟ್ಟೆನು. ಅದನ್ನು ಕಿತ್ತು ಯಂತ್ರವನ್ನು ಹೊತ್ತಿಸಿದರೆ ಮತ್ತೆ ಅದೇ ಕಪ್ಪು ಪರದೆ, ಅದೇ ಸಾಲು! ಆದರೆ ಈಗ ಕಾರಣ ತಿಳಿದಿತ್ತಾಗಿ ಹೆದರಲಿಲ್ಲ. ಪೆನ್‌ಡ್ರೈವನ್ನು ಹೊಸದಾಗಿ ಬರೆದು, ಅದರಲ್ಲಿರುವ ‘ರೆಸ್ಕ್ಯೂ’ ವಿಧಾನದಿಂದ ಗ್ರಬ್ಬನ್ನು ಡಿಸ್ಕಿಗೇ ಹಾಕಿದೆನು. ಯಂತ್ರವು ಎದ್ದಿತು. ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳನ್ನೂ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೂ ಸೇರಿಸಿಕೊಂಡೆನು. ಈ ಲೇಖನವನ್ನು ಅದರಲ್ಲೇ ಬರೆದಿದ್ದೇನೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಇಂದಿಗೂ ಏದುಸಿರು ಬಿಡುತ್ತದೆ. ಬರೆಯುವುದಕ್ಕೂ ಓದುವುದಕ್ಕೂ ಧಾರಾಳವಾಗಿ ಸಾಕು.

ಹಾಡುಗಳ ಗತಿಯೇನೆಂದು ವಾಚಕರು ಕೇಳಬಹುದು. ನಾಲ್ಕನ್ನು ಮಾದರಿಗೆಂದು ನಮ್ಮ ಅಧ್ಯಾಪಕರಿಗೆ ಕಳುಹಿಸಿದ್ದೆನಾದ್ದರಿಂದ ಅವರಿಂದ ಮರಳಿ ಬಂದವು. ಉಳಿದ ಏಳಕ್ಕಾಗಿ ಸಂಕ್ರಾಂತಿಗೆ ಇದೇ ಲ್ಯಾಪ್‌ಟಾಪನ್ನು ಹೊತ್ತು ಊರಿಗೆ ಹೋದೆನು. ಅಜ್ಜಿ ಬೈಯಲಿಲ್ಲ. ಎರಡು ದಿನ ಕುಳಿತು ಐದನ್ನು ಹಾಡಿದರು. ಇನ್ನೆರಡರ ಮೊದಲ ಸಾಲು ಬಂದು ಅಲ್ಲಿಗೇ ನಿಂತಿತು. “ಅವೆರಡು ನೆಪ್ಪಾಗಾಕಿಲ್ಲ ಕಣ್ ಮಗ” ಎಂದರು.

ಕಾರ್ಯಾಚರಣ ವ್ಯವಸ್ಥೆಯನ್ನು ನೂರು ಸಲ ಬೇಕಾದರೂ ಮರಳಿ ಹಾಕಬಹುದು. ಅದರ ಪ್ರತಿಗಳು ಲೋಕದಲ್ಲೆಲ್ಲ ಇವೆ. ಅಜ್ಜಿಯ ಪದಕ್ಕೆ ಇದ್ದುದು ಒಂದೇ ಪ್ರತಿ. ಈಗ ಒಂಬತ್ತು ಹಾಡುಗಳೂ ಮೂರು ಕಡೆ ಇವೆ: ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ನಮ್ಮ ಕನ್ನಡ ವಿಭಾಗದ ಕಂಪ್ಯೂಟರಿನಲ್ಲಿ. ಅಳಿಸುವ ಗುಂಡಿಯ ಮೇಲೆ ಬೆರಳಿಡುವ ಮುನ್ನ, ಎರಡನೆಯ ಪ್ರತಿ ಎಲ್ಲಿದೆಯೆಂದು ಮಿತ್ರರು ಒಮ್ಮೆ ತಮ್ಮನ್ನು ತಾವೇ ಕೇಳಿಕೊಂಡರೆ ನನ್ನ ಶ್ರಮವು ಸಾರ್ಥಕ.