ಪತ್ರಾಸಿನ ಕೆಳಗಿನ ಅಜ್ಜ, ಬೈಲಹೊಂಗಲದ ಅರ್ಜಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಸವದತ್ತಿ ಸೀಮೆಯ ಯಾವುದಾದರೂ ಹಳ್ಳಿಯ ಓಣಿ ಹಿಡಿದು ನಡೆಯಿರಿ. ಮಣ್ಣಿನ ಮಾಳಿಗೆ ಕೆಡವಿ ಕಟ್ಟಿದ ಆರ್‌ಸಿಸಿ ಮನೆ ಕಾಣುತ್ತದೆ. ಅದರ ಮಗ್ಗುಲಿಗೆ ಪತ್ರಾಸು ಹೊದಿಸಿದ ಇಳಿಜಾರು, ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ ಜಾಗ. ಈಗ ಅಲ್ಲಿ ಹೊರಸು, ಹೊರಸಿನ ಮೇಲೆ ಅಜ್ಜ. ತಗಡು ಮುಟ್ಟಿದರೆ ಅಂಗೈ ಚುರ್ ಎನ್ನುತ್ತದೆ, ತಂಬಿಗೆಯ ನೀರು ಕಾಯಿಸಿಟ್ಟಂತೆ ಬೆಚ್ಚಗಿರುತ್ತದೆ. ಕೇಳಿದರೆ ಅಜ್ಜನ ಉತ್ತರ ಒಂದೇ: “ಇರ್ಲಿ ಬಿಡಪಾ, ಬ್ಯಾಸಗಿ ಅಂದಮ್ಯಾಲೆ ಶೆಕಿ ಇರೂದ.”

ಬಿಸಿಲಿನ ಮೇಲೆ ಕೇಸು ಹಾಕಲು ಬರುವುದಿಲ್ಲ, ನಿಜ. ಆದರೆ ಅಜ್ಜ ಎಲ್ಲಿ ಮಲಗಬೇಕು ಎಂಬುದು ಮನೆಯವರ ಮರ್ಜಿಗೆ ಬಿಟ್ಟ ಮಾತೂ ಅಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರಲ್ಲಿ ‘ಪೋಷಣೆ’ ಎಂದರೆ ಬರೀ ಎರಡು ಹೊತ್ತಿನ ಊಟವಲ್ಲ. ಅನ್ನ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ, ಈ ನಾಲ್ಕೂ ಅದರಲ್ಲಿ ಸೇರಿವೆ. ಕಾದ ತಗಡಿನ ಕೆಳಗಿನ ಹೊರಸನ್ನು ‘ವಾಸ’ ಎಂದು ಒಪ್ಪಬೇಕೇ ಎಂದು ನೀವು ಕೇಳಬಹುದು. ಕೇಳಲೇಬೇಕು ಎಂಬುದು ನನ್ನ ಮಾತು.

ಯಾರನ್ನು ಕೇಳುವುದು? ಸವದತ್ತಿ, ರಾಮದುರ್ಗ, ಕಿತ್ತೂರು, ಬೈಲಹೊಂಗಲದವರಿಗೆ ಬೈಲಹೊಂಗಲದ ಉಪವಿಭಾಗಾಧಿಕಾರಿಯನ್ನು. ಜನ ‘ಎಸಿ ಸಾಹೇಬ್ರು’ ಎನ್ನುವ ಅವರೇ ಈ ಕಾಯ್ದೆಯ ನ್ಯಾಯಮಂಡಳಿಯ ಅಧ್ಯಕ್ಷರು. 60 ತುಂಬಿದವರು ತಾವೇ ಅರ್ಜಿ ಕೊಡಬಹುದು. ಬಿಸಿಲಲ್ಲಿ ಬಸ್ಸು ಹತ್ತಲಾಗದಿದ್ದರೆ ತಾವು ಒಪ್ಪಿದ ಬೇರೊಬ್ಬರ ಕೈಯಲ್ಲಿ, ಇಲ್ಲವೇ ಒಂದು ಸಂಸ್ಥೆಯ ಮೂಲಕ ಕೊಡಿಸಬಹುದು. ಮಗ ಪುಣೆಯಲ್ಲೋ ಗೋವಾದಲ್ಲೋ ಇದ್ದಾನೆಂದು ಅಲ್ಲಿಗೆ ಓಡಬೇಕಿಲ್ಲ, ಹಿರಿಯರು ಇರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ನಡೆಯುತ್ತದೆ. ವಕೀಲರ ಫೀ ಹೊಂದಿಸುವ ಚಿಂತೆಯೂ ಬೇಡ. ವಕೀಲರನ್ನು ಹೊರಗಿಟ್ಟು, ಹಿರಿಯರ ಮಾತನ್ನು ಹಿರಿಯರಿಂದಲೇ ಕೇಳುವಂತೆ ಈ ಕಾಯ್ದೆ ಬರೆದಿದ್ದಾರೆ.

ಹೊಣೆ ಮಗನೊಬ್ಬನದೇ ಅಲ್ಲ. ಮಗಳು, ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳು ಎಲ್ಲರೂ ಬರುತ್ತಾರೆ. ನಮ್ಮ ಕಡೆ ಎಲ್ಲ ತಪ್ಪನ್ನೂ ಸೊಸೆಯ ತಲೆಗೆ ಕಟ್ಟುವುದು ರೂಢಿ; ಕಾಯ್ದೆಯ ‘ಮಕ್ಕಳು’ ಎಂಬ ಪದದಲ್ಲಿ ಮಾತ್ರ ಸೊಸೆ ಇಲ್ಲ! ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು.

ಇಲ್ಲೊಂದು ತೊಡಕಿದೆ. ಎದುರಿನವರಿಗೆ ನೋಟಿಸ್ ಮುಟ್ಟಿದ ಮೇಲೆ ತೀರ್ಮಾನಕ್ಕೆ 90 ದಿನ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಮಾರ್ಚ್‌ನಲ್ಲಿ ಕೊಟ್ಟ ಅರ್ಜಿ ಇತ್ಯರ್ಥವಾಗುವ ಹೊತ್ತಿಗೆ ರೋಹಿಣಿ ಮಳೆ ಬಂದು ಹೋಗಿರುತ್ತದೆ, ಅಜ್ಜ ಬೇಸಿಗೆ ದಾಟಿದ್ದರೆ ಪುಣ್ಯ. ಅದಕ್ಕೇ ಮೊದಲ ಅರ್ಜಿಯಲ್ಲೇ ‘ಮಧ್ಯಂತರ ಪೋಷಣಾ ಭತ್ಯೆ ಕೊಡಿಸಿ’ ಎಂದು ಬರೆಯಿರಿ. ವಿಚಾರಣೆ ನಡೆಯುತ್ತಿರುವಾಗಲೇ ಅದನ್ನು ಕೊಡಿಸುವ ಅಧಿಕಾರ 5ನೇ ಕಲಮಿನಲ್ಲಿದೆ. ಅಂತಿಮ ಆದೇಶದ ಮೊತ್ತಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ಆದೇಶ ಆದ ಮೇಲೂ ಕಾರಣವಿಲ್ಲದೆ ಕೊಡದಿದ್ದರೆ ವಾರಂಟು, ಒಂದು ತಿಂಗಳವರೆಗೆ ಜೈಲು. ಆದೇಶ ಒಪ್ಪಿಗೆಯಾಗದ ಹಿರಿಯರು 60 ದಿನದೊಳಗೆ ಮೇಲ್ಮನವಿ ಹೋಗಬಹುದು. ಅರ್ಜಿಗೆ ಆಧಾರ್, ಹೊಲದ ಉತಾರ, ಡಾಕ್ಟರ ಚೀಟಿ ಲಗತ್ತಿಸಿ. ಆ ಪತ್ರಾಸಿನ ಗೂಡಿನ ಫೋಟೊ ಇದ್ದರೆ ನೂರು ಮಾತು ಉಳಿಯುತ್ತವೆ.

ಆಸ್ತಿಯ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಓದಿ. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು 2025ರ ಮಾರ್ಚ್‌ನಲ್ಲಿ ಹೇಳಿದ ಮಾತು ನಮ್ಮ ಜಿಲ್ಲೆಗೆ ತಲೆ ತಗ್ಗಿಸುವಂಥದ್ದು: ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟು ಹೋಗಿದ್ದಾರೆ. ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದು ಮಾಡಿಸಲು ಮುಂದಾಗಿ ಎಂದು ಅವರು ಅಧಿಕಾರಿಗಳಿಗೆ ಸೂಚಿಸಿದರು. ಅದಕ್ಕೆ ದಾರಿ 23ನೇ ಕಲಮು. ಈ ಕಾಯ್ದೆ ಬಂದ ಮೇಲೆ, ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಬಕ್ಷೀಸು ಕೊಟ್ಟಿದ್ದು ಮಗ ಮಾತು ತಪ್ಪಿದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತಿತ್ತು ಎಂದು ತೋರಿಸಬೇಕು, ಪ್ರೀತಿಯಿಂದ ಕೊಟ್ಟೆ ಎಂದರಷ್ಟೇ ಸಾಲದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರ ಪ್ರಕರಣದಲ್ಲಿ ಹೇಳಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು, ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಕೊಟ್ಟ ಬಕ್ಷೀಸನ್ನು ರದ್ದು ಮಾಡಿ ಆಸ್ತಿಯ ಕಬ್ಜಾ ಮರಳಿ ಕೊಡಿಸಿತು. ಆ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟ ವಚನಪತ್ರವಿತ್ತು. ಆದ್ದರಿಂದ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲೇ, ಬಾಂಡ್ ರೈಟರ್ ಮುಂದೆ ಕೂತು ಒಂದು ಸಾಲು ಬರೆಸಿ: ಊಟ, ಔಷಧ, ವಾಸಕ್ಕೆ ಯೋಗ್ಯವಾದ ಕೋಣೆ. ‘ಮಗನ ಮ್ಯಾಲೆ ನಂಬಿಕಿಲ್ಲೇನು’ ಎಂದು ನೆಂಟರು ಮೂಗು ಮುರಿದರೆ ಮುರಿಯಲಿ. ಮರಣಪತ್ರದ ಮಾತು ಬೇರೆ. ಬರೆದವರು ಬದುಕಿರುವಷ್ಟು ದಿನ ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಬದಲಿಸಬಹುದು.

ಆಸ್ಪತ್ರೆ, ಬಸ್‌ಸ್ಟ್ಯಾಂಡು, ದವನದ ಹುಣ್ಣಿಮೆಯಂದು ಕಾಲಿಡಲು ಜಾಗವಿಲ್ಲದ ಯಲ್ಲಮ್ಮನ ಗುಡ್ಡ, ಎಲ್ಲೇ ಆಗಲಿ, ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಬಿಟ್ಟು ಹೋಗುವುದು ಅಪರಾಧ. 24ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಪ್ರಕರಣ ದಾಖಲಿಸಬಹುದು.

ಕಾನೂನಿಗೂ ಮೊದಲು ಜೀವ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆ ತಿಳಿಯುತ್ತದೆ, ಕೇಳಲಿ ಎಂದು ಕಾಯದೆ ಮಜ್ಜಿಗೆಯನ್ನೋ ನೀರನ್ನೋ ಕೈಗೆ ಕೊಡಿ. ಮೈ ಕೆಂಡದಂತಾಗಿ ಅಜ್ಜ ಸಂಬಂಧವಿಲ್ಲದ ಮಾತಾಡತೊಡಗಿದರೆ ‘ಅರುವು ಮರುವು’ ಎಂದು ಸುಮ್ಮನಾಗಬೇಡಿ, 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಿ, ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸರದಿ ಇರಬೇಕೆಂದು ಇದೇ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಸಾಲಿನಲ್ಲಿ ನಿಲ್ಲಿಸಿದರೆ ಆ ಕಲಮಿನ ಹೆಸರು ಹೇಳಿ.

ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಬರೆದುಕೊಡಿ ಎಂದು ಕೇಳಬಹುದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಆ ನೆರವು ಉಚಿತ. ನಿಮ್ಮ ಓಣಿಯ ಅಜ್ಜನಿಗೆ ಇದನ್ನು ಓದಲು ಬಾರದಿದ್ದರೆ, ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಹೋಗಿ ಓದಿ ಹೇಳಿ.